ಜೋಳದ ತೆನೆಗೆ ಕೂದಲು ಬಂದದ್ದು

ಏ ಚಿನ್ನೂ, ಆ ಜೋಳದ ಕೂದಲನ್ನ ಹಾಗೆ ಕಿತ್ತು ಕಿತ್ತು ಎಸೀಬೇಡ್ವೇ. ಇಲ್ಲಿ, ನನ್ನ ಮಡಿಲಿಗೆ ಹಾಕು. ಯಾಕೆ ಅಂತೀಯಾ? ಕೂತ್ಕೋ, ಹೇಳ್ತೀನಿ. ಮಧ್ಯೆ ಬಾಯಿ ಹಾಕಿದರೆ ಮಾತ್ರ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ನೋಡು.

ಈ ಮುಸುಕಿನ ಜೋಳದ ತವರು ನಮ್ಮೂರಲ್ಲ. ಸಮುದ್ರದಾಚೆ ಮೆಕ್ಸಿಕೋ ಅಂತ ಒಂದು ಸೀಮೆ ಇದೆ, ಅಲ್ಲಿಂದ ಬಂದದ್ದು. ನಾನು ಹೇಳ್ತಿರೋದು ಭೂಮಿ ಇನ್ನೂ ಹಸಿಮಣ್ಣಾಗಿದ್ದ ಕಾಲದ್ದು. ಆಗ ನದಿ ಮಾತಾಡ್ತಿತ್ತು, ಜೇಡ ಮಾತಾಡ್ತಿತ್ತು, ಜೋಳದ ಗಿಡವೂ ಮಾತಾಡ್ತಿತ್ತು. ಆದರೆ ಜೋಳದ ತೆನೆಗೆ ಒಂದು ಎಳೆ ಕೂದಲೂ ಇರಲಿಲ್ಲ. ಬೋಳು ತಲೆ, ಪಾಪ.

ಆ ಸೀಮೆಯ ಒಂದು ಹಳ್ಳಿಯಲ್ಲಿ ಕಿಯಾವಿ ಅಂತ ಒಬ್ಬಳಿದ್ದಳು. ಆಟಿಕೆ ಮಾಡೋದೇ ಅವಳ ಕಸುಬು. ಸೋರೆಬುರುಡೆಯಲ್ಲಿ ಗಿಲಕಿ ಮಾಡೋಳು, ಮಣ್ಣಿನಲ್ಲಿ ಪೀಪಿ ಮಾಡೋಳು, ಮರದಲ್ಲಿ ಬುಗುರಿ ಮಾಡೋಳು. ಎಲ್ಲಕ್ಕಿಂತ ಚೆಂದ ಮಾಡ್ತಿದ್ದದ್ದು ಜೋಳದ ಸಿಪ್ಪೆಯ ಗೊಂಬೆ. ಒಣಗಿದ ಸಿಪ್ಪೆ ನೆನೆಸಿ, ಮಡಚಿ, ನಾರಿನಲ್ಲಿ ಸೊಂಟ ಕಟ್ಟಿದರೆ ಎದ್ದು ನಡೆದೇಬಿಡುತ್ತೇನೋ ಅನ್ನಬೇಕು. ಗಂಡ ತೀರಿಕೊಂಡಿದ್ದ. ಶೊಕೊ ಅಂತ ಒಬ್ಬಳೇ ಮಗಳು. ಅವಳೇ ಕಿಯಾವಿಯ ಪ್ರಾಣ.

ಗೊಂಬೆ ಅಂದರೆ ಬರೀ ಆಟಕ್ಕೆ ಅಂದ್ಕೊಂಡೆಯಾ? ಅಲ್ಲ ಕಣೇ. ಚಳಿಗಾಲ ಬಂತು ಅಂದರೆ ಆ ಊರಿಗೆ ಉತ್ತರದ ಕಡೆಯಿಂದ ಒಂದು ಕುರುಡು ಗಾಳಿ ಬರ್ತಿತ್ತು. ಅದಕ್ಕೆ ಮಕ್ಕಳಿಲ್ಲ, ಜೊತೆಯಿಲ್ಲ. ಮನೆಮನೆಗೆ ನುಗ್ಗಿ, ಮಕ್ಕಳ ತಲೆ ತಡವಿ, ಎತ್ತಿಕೊಂಡು ಹೋಗ್ತಿತ್ತು. ಹೋದ ಮಕ್ಕಳು ತಿರುಗಿ ಬರ್ತಿರಲಿಲ್ಲ.

ಅದಕ್ಕೇ ತಾಯಂದಿರು ಒಂದು ಉಪಾಯ ಮಾಡಿದ್ದರು. ಮಗುವಿನ ಕೂದಲನ್ನ ಒಂದಿಷ್ಟು ಕತ್ತರಿಸಿ ಕಿಯಾವಿಗೆ ಕೊಡೋರು. ಅವಳು ಅದನ್ನ ಗೊಂಬೆಯ ತಲೆಗೆ ಹೊಲಿಯೋಳು. ಹೊಸ್ತಿಲ ಮೇಲೆ ಆ ಗೊಂಬೆ ಇಟ್ಟರೆ, ಗಾಳಿ ತಲೆ ತಡವಿ, ಇದೇ ಮಗು ಅಂದ್ಕೊಂಡು ಎತ್ತಿಕೊಂಡು ಹೋಗೋದು. ಮಗು ಉಳೀತಿತ್ತು.

ಒಂದು ವರ್ಷ ಊರಿನ ಮಕ್ಕಳದ್ದೆಲ್ಲ ಗೊಂಬೆ ಆಯಿತು, ಮಗಳದ್ದು ಮಾತ್ರ ಉಳಿಯಿತು. ಆಟಿಕೆ ಮಾಡೋರ ಮನೆಯಲ್ಲಿ ಯಾವಾಗಲೂ ಹೀಗೇ. ಊರವರದ್ದು ಮೊದಲು, ನಮ್ಮದು ಇದ್ದೇ ಇದೆಯಲ್ಲ, ನಾಳೆ ಮಾಡಿದರಾಯಿತು. ಅಷ್ಟರಲ್ಲಿ ಶೊಕೊಗೆ ಜ್ವರ ಬಂತು. ಎಂಥಾ ಜ್ವರ! ತಲೆಗೂದಲೆಲ್ಲ ಉದುರಿಹೋಯಿತು. ರೋಗ ತೊಲಗಲಿ ಅಂತ ಕಿಯಾವಿ ಆ ಕೂದಲನ್ನೆಲ್ಲ ಬಾಚಿ ಒಲೆಗೆ ಹಾಕಿದಳು.

ಸುಟ್ಟ ಮೇಲೆ ನೆನಪಾಯಿತು. ಅಯ್ಯೋ, ಇನ್ನು ಗೊಂಬೆಗೆ ಕೂದಲೆಲ್ಲಿ?

ಓಡಿದಳು ಜೇಡದ ಹತ್ತಿರ. "ಜೇಡಮ್ಮಾ, ನನ್ನ ಮಗಳ ಗೊಂಬೆಗೆ ಕೂದಲಿಲ್ಲ, ಏನಾದರೂ ಕೊಡೇ."

"ನನ್ನ ನೂಲು ಕೈಗೆ ಅಂಟುತ್ತೆ ತಾಯಿ. ಗಾಳಿಗೆ ಗೊತ್ತಾಗಿಬಿಡುತ್ತೆ."

ಓಡಿದಳು ನದಿಯ ಹತ್ತಿರ. "ನದಿಯಮ್ಮಾ, ನನ್ನ ಮಗಳ ಗೊಂಬೆಗೆ ಕೂದಲಿಲ್ಲ, ಏನಾದರೂ ಕೊಡೇ."

"ನನ್ನ ಪಾಚಿ ತಣ್ಣಗಿರುತ್ತೆ ತಾಯಿ. ಗಾಳಿಗೆ ಗೊತ್ತಾಗಿಬಿಡುತ್ತೆ."

ಓಡಿದಳು ಜೋಳದ ಹೊಲಕ್ಕೆ. ಜೋಳ ತಲೆ ತಗ್ಗಿಸಿತು. "ಸಿಪ್ಪೆ ಕೇಳು, ಮೈಮೇಲಿರೋದನ್ನೆಲ್ಲ ಬಿಚ್ಚಿಕೊಡ್ತೀನಿ. ಕೂದಲು ನನಗೇ ಇಲ್ಲವಲ್ಲ ಕಿಯಾವಿ."

ಮುಸ್ಸಂಜೆ ಆಗ್ತಾ ಬಂತು. ದೂರದಲ್ಲಿ ಗಾಳಿಯ ಸದ್ದು ಕೇಳಿಸಿತು. ಕಿಯಾವಿ ತನ್ನ ಜಡೆಯನ್ನೇ ಕತ್ತರಿಸಿ ಗೊಂಬೆಯ ತಲೆಗೆ ಹೊಲಿದು, ಹೊಸ್ತಿಲ ಮೇಲಿಟ್ಟು, ಬಾಗಿಲ ಹಿಂದೆ ನಿಂತಳು.

ಗಾಳಿ ಬಂತು. ತಡವಿತು. ಮತ್ತೆ ತಡವಿತು.

"ಇದು ಮಗುವಿನ ಕೂದಲಲ್ಲ. ಒಲೆಯ ಹೊಗೆ ವಾಸನೆ ಬರ್ತಿದೆ" ಅಂತು. ಕೂದಲ ಕೆಳಗೆ ಬೆರಳಾಡಿಸಿತು, ಸಿಪ್ಪೆ ಪರಪರ ಅಂತು. "ಇಷ್ಟು ವರ್ಷ ನನಗೆ ಕೊಟ್ಟದ್ದೆಲ್ಲ ಗೊಂಬೆಯಾ? ಅದಕ್ಕೇನಾ ಒಂದೂ ನಗಲಿಲ್ಲ? ಎಷ್ಟು ಕರೆದರೂ ಒಂದೂ ಓ ಅನ್ನಲಿಲ್ಲ?"

ಗಾಳಿ ಅತ್ತುಬಿಟ್ಟಿತು ಕಣೇ. ಅತ್ತು ಮುಗಿದ ಮೇಲೆ ಸಿಟ್ಟು ಬಂತು. "ಇನ್ನು ಒಂದು ಮನೆಯನ್ನೂ ಬಿಡೋದಿಲ್ಲ. ಮೊದಲು ನಿನ್ನ ಮಗಳು!"

ಕಿಯಾವಿ ಅಡ್ಡ ಬಂದು ನಿಂತಳು. "ಬೇಡ ಗಾಳಿಯಪ್ಪಾ. ಮಕ್ಕಳ ತಂಟೆಗೆ ಹೋಗಬೇಡ. ನನ್ನ ಕರ್ಕೊಂಡು ಹೋಗು. ದಿನಾ ಒಂದು ಆಟಿಕೆ ಮಾಡಿಕೊಡ್ತೀನಿ. ಕರೆದರೆ ಓ ಅಂತೀನಿ."

"ನಗ್ತೀಯಾ?"

"ನಗೋಕಾಗುತ್ತೋ ಇಲ್ಲವೋ, ಗೊತ್ತಿಲ್ಲ. ಓ ಅಂತೀನಿ."

ಮಗಳ ಬೋಳು ತಲೆಯನ್ನ ಒಂದು ಸಲ ಸವರಿದಳು. ಅಷ್ಟಕ್ಕೆ ಮಾತ್ರ ಗಾಳಿ ಬಿಟ್ಟಿತು.

ಬೆಳಗಾಯಿತು. ಶೊಕೊಳ ಜ್ವರ ಇಳಿದಿತ್ತು. "ಅವ್ವಾ" ಅಂದಳು. ಯಾರೂ ಓ ಅನ್ನಲಿಲ್ಲ. ಹೊಸ್ತಿಲ ಮೇಲೆ ಗೊಂಬೆ ಇತ್ತು, ಗೊಂಬೆಯ ತಲೆಯಲ್ಲಿ ಅವ್ವನ ಕೂದಲಿತ್ತು. ಅಷ್ಟು ಚಿಕ್ಕ ಮಗುವಿಗೂ ಎಲ್ಲ ಅರ್ಥವಾಯಿತು.

ಗೊಂಬೆಯನ್ನ ಅವಳು ಕಂಕುಳಿಂದ ಇಳಿಸಲೇ ಇಲ್ಲ. ಆದರೆ ಒಂದೊಂದು ಗಾಳಿ ಬೀಸಿದಾಗಲೂ ಅವ್ವನ ಕೂದಲು ಒಂದೊಂದು ಎಳೆ ಹಾರಿಹೋಗ್ತಿತ್ತು. ಹೀಗೇ ಬಿಟ್ಟರೆ ಏನೂ ಉಳಿಯೋದಿಲ್ಲ ಅಂತ ಹೆದರಿ ಅವಳು ಜೋಳದ ಹೊಲಕ್ಕೆ ಓಡಿದಳು.

"ಜೋಳದವ್ವಾ, ನಿನಗೆ ಮೈತುಂಬ ಸಿಪ್ಪೆ ಇದೆ. ನಮ್ಮವ್ವನ ಕೂದಲನ್ನ ಒಳಗೆ ಬಚ್ಚಿಟ್ಟುಕೋ."

ಅವತ್ತು ಕಿಯಾವಿಯನ್ನ ಬರಿಗೈಯಲ್ಲಿ ಕಳಿಸಿದ್ದು ಜೋಳಕ್ಕೆ ಇನ್ನೂ ಚುಚ್ಚುತ್ತಿತ್ತು. ಅದು ಕೂದಲನ್ನ ಒಳಗೆ ತೆಗೆದುಕೊಂಡಿತು. ಒಂದೊಂದು ಎಳೆಯನ್ನೂ ಒಂದೊಂದು ಕಾಳಿಗೆ ಬಿಗಿಯಾಗಿ ಕಟ್ಟಿತು. ಮೇಲೆ ಸಿಪ್ಪೆಯ ಮೇಲೆ ಸಿಪ್ಪೆ ಹೊದಿಸಿತು.

"ತುದಿಯನ್ನಾದರೂ ಹೊರಗೆ ಬಿಡು, ನಾನು ಬಂದಾಗ ಮುಟ್ಟಬೇಕು" ಅಂತ ಶೊಕೊ ಅತ್ತಳು. ಜೋಳ ತುದಿಯಷ್ಟನ್ನ ಹೊರಗೆ ಬಿಟ್ಟಿತು.

ಶೊಕೊ ದೊಡ್ಡವಳಾದಳು, ಅವ್ವನ ಹಾಗೇ ಆಟಿಕೆ ಮಾಡಿದಳು. ಅವಳ ಗೊಂಬೆಗಳಿಗೆಲ್ಲ ಜೋಳದ್ದೇ ಕೂದಲು. ಮುಖ ಮಾತ್ರ ಬರೆಯಲಿಲ್ಲ. ಯಾರ ಮುಖ ಬರೆಯಲಿ ಅನ್ನೋಳು. ವರ್ಷಕ್ಕೊಮ್ಮೆ, ಸತ್ತವರು ಬಂದುಹೋಗ್ತಾರೆ ಅನ್ನೋ ದಿನ, ಚೆಂಡುಹೂವಿನ ಜೊತೆ ಒಂದು ಗೊಂಬೆ ಇಟ್ಟು ಬಾಗಿಲಲ್ಲಿ ಕೂರೋಳು. ಕಿಯಾವಿ ಆ ಬಾಗಿಲಿಗೆ ಬರಲೇ ಇಲ್ಲ.

ಬರಲಿಲ್ಲ ಯಾಕೆ ಗೊತ್ತಾ? ಗಾಳಿ ಅವಳನ್ನ ಎಲ್ಲೂ ನಿಲ್ಲೋಕೆ ಬಿಡೋದಿಲ್ಲ. ಅದರ ಜೊತೆ ಹೊಲದ ಮೇಲೆ ಹಾದುಹೋಗುವಾಗ ಮಾತ್ರ ಅವಳ ಕೈಗೆ ಮೆತ್ತಗೆ ಏನೋ ತಾಗುತ್ತೆ. ನನ್ನ ಶೊಕೊಗೆ ಕೂದಲು ಮತ್ತೆ ಹುಟ್ಟಿದೆ ಅಂದ್ಕೊಂಡು ಸವರ್ತಾಳೆ. ಇನ್ನೊಂದು ಸಲ ಸವರೋ ಅಷ್ಟರಲ್ಲಿ ಗಾಳಿ ಎಳೆದುಕೊಂಡು ಹೊರಟುಬಿಡುತ್ತೆ, ಅವಳ ಬೆರಳಿಗೆ ಸಿಕ್ಕ ಎಳೆ ಕಿತ್ತುಕೊಂಡು ಬಂದುಬಿಡುತ್ತೆ. ಎಳೆ ಕಿತ್ತುಹೋದ ಕಡೆ ಕಾಳು ಕಟ್ಟೋದಿಲ್ಲ.

ಈಗ ಆ ತೆನೆ ಸುಲಿ ಚಿನ್ನೂ. ಸಾಲಿನ ನಡುವೆ ಅಲ್ಲಲ್ಲಿ ಕಾಳೇ ಇಲ್ಲದೆ, ಹಲ್ಲು ಬಿದ್ದ ಬಾಯಿ ಅಂತ ನೀನು ನಗ್ತೀಯಲ್ಲ, ಅದು ಆ ತಾಯಿ, ಮಗಳ ತಲೆ ಅಂದ್ಕೊಂಡು, ಸವರಿಹೋದ ಜಾಗ.