ಬೀಳಲು ಒಪ್ಪಿದ ಪೈಲ್ವಾನ

“ಗುರುಗಳೇ, ಸೋಲಬೇಕೆಂದು ನಿಶ್ಚಯಿಸಿ ಹೋದವನೂ ಏಕೆ ಗೆದ್ದು ಬರುತ್ತಾನೆ?” ಎಂದು ಶಿಷ್ಯ ಕೇಳಿದ.

“ಹೋದವನು ಯಾರು?” ಎಂದರು ಗುರುಗಳು.

“ನಾನೇ. ಅಣ್ಣನ ಮನೆಗೆ ಹೋಗಿದ್ದೆ. ಅವನು ಕಟ್ಟಿಸಿದ ಕಾಂಪೌಂಡ್ ಗೋಡೆ ನನ್ನ ಜಾಗದೊಳಗೆ ಅರ್ಧ ಅಡಿ ಬಂದಿದೆ. ಒಂದು ವರ್ಷದಿಂದ ನಮ್ಮಲ್ಲಿ ಮಾತಿರಲಿಲ್ಲ. ಅರ್ಧ ಅಡಿ ಹೋದರೆ ಹೋಗಲಿ, ಅಣ್ಣ ಬೇಕು ಎನ್ನಿಸಿತು. ‘ಗೋಡೆ ಇರಲಿ ಬಿಡಣ್ಣ’ ಎಂದು ಒಂದು ಮಾತು ಹೇಳಲು ಮೂರು ಸಲ ಹೋದೆ. ಮೂರು ಸಲವೂ ಅರ್ಧ ಅಡಿ ನನ್ನದೇ ಎಂದು ಸಾಧಿಸಿ ಬಂದೆ. ಮೂರನೆಯ ಸಲ ಅಳತೆಯ ಟೇಪನ್ನೂ ಒಯ್ದಿದ್ದೆ.”

“ಅಣ್ಣ ಏನೆಂದ?”

“‘ಸರಿಯಪ್ಪ, ನೀನು ಹೇಳಿದ ಹಾಗೇ ಆಗಲಿ. ಕಾಫಿ ಕುಡಿ’ ಎಂದ. ಮೂರು ಸಲವೂ ಅಷ್ಟೇ. ನನ್ನ ಮನಸ್ಸು ಸೋಲಲು ಒಪ್ಪಿತ್ತು, ಗುರುಗಳೇ. ನಾಲಿಗೆ ಒಪ್ಪಲಿಲ್ಲ.”

ಗುರುಗಳು ನಕ್ಕರು. “ಕೂತುಕೋ” ಎಂದು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಪೈಲ್ವಾನನಿದ್ದ. ಇಪ್ಪತ್ತೆರಡು ವರ್ಷ ಗರಡಿಯ ಕೆಮ್ಮಣ್ಣಿನಲ್ಲಿ ಕುಸ್ತಿ ಮಾಡಿದ್ದ. ಅಲ್ಲಿಯ ನಿಯಮ ಸರಳ. ಬೆನ್ನು ನೆಲಕ್ಕೆ ತಾಗಿದವನು ಸೋತ. ಅವನ ಬೆನ್ನಿಗೆ ಮಣ್ಣು ತಾಗುವುದು ಅವನೇ ಬಳಿದುಕೊಂಡಾಗ ಮಾತ್ರ ಎಂದು ಊರವರು ಹೇಳುತ್ತಿದ್ದರು. ನಲವತ್ತನೆಯ ವಯಸ್ಸಿಗೆ ಗರಡಿ ಬಿಟ್ಟ. ಆಮೇಲೆ ಅವನ ಮಾತು ಕಡಿಮೆಯಾಯಿತು, ನಗು ಇನ್ನೂ ಕಡಿಮೆಯಾಯಿತು.

ಅವನ ತಂಗಿಯ ಮಗ ಟಿವಿ ಕುಸ್ತಿಯ ತಂಡದಲ್ಲಿದ್ದ. ಅಲ್ಲಿ ಅವನ ಹೆಸರು ‘ಸಿಡಿಲು’. ಕಾರ್ಯಕ್ರಮ ಪ್ರತಿ ಭಾನುವಾರ ಸಂಜೆ. ಯಾರು ಗೆಲ್ಲಬೇಕು, ಎಷ್ಟನೆಯ ನಿಮಿಷಕ್ಕೆ ಗೆಲ್ಲಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ನೋಡುವವರಿಗೂ ಅದು ಗೊತ್ತು. ಅವರು ಗೆಲುವನ್ನು ನೋಡಲು ಬರುತ್ತಿರಲಿಲ್ಲ. ಒಬ್ಬ ಚೆನ್ನಾಗಿ ಎಸೆಯಬೇಕು, ಇನ್ನೊಬ್ಬ ಚೆನ್ನಾಗಿ ಬೀಳಬೇಕು, ಅಷ್ಟನ್ನು ನೋಡಲು ಬರುತ್ತಿದ್ದರು.

ಬರಬರುತ್ತಾ ನೋಡುವವರು ಕಡಿಮೆಯಾದರು. ಇನ್ನೊಂದೇ ವಾರ, ಅದೂ ಹಿಡಿಸದಿದ್ದರೆ ನಿಲ್ಲಿಸುತ್ತೇವೆ ಎಂದು ಚಾನೆಲ್ಲಿನವರು ಹೇಳಿದರು. ನಿಂತರೆ ಹನ್ನೊಂದು ಜನರ ಕೆಲಸ ಹೋಗುತ್ತಿತ್ತು. ಅಳಿಯ ಮಾವನ ಬಳಿಗೆ ಓಡಿ ಬಂದ.

“ಮಾವ, ನೀವು ಬಂದು ನನ್ನ ಕೈಲಿ ಒಂದ್ಸಲ ಬಿದ್ದುಬಿಡಿ. ನಿಮ್ಮನ್ನೇ ಕೆಡವಿದ ಅಂದ್ರೆ ಊರೆಲ್ಲ ನೋಡುತ್ತೆ.”

“ಅಷ್ಟೇ ತಾನೇ? ಎಷ್ಟೊತ್ತಿಗೆ ಬೀಳ್ಬೇಕು?”

“ಏಳನೇ ನಿಮಿಷಕ್ಕೆ.”

“ಆರಕ್ಕೇ ಬೇಕಾದ್ರೂ ಬೀಳ್ತೀನಿ ಕಣೋ. ತಂಗಿ ಮಗನಿಗಲ್ದೆ ಇನ್ಯಾರಿಗೆ ಬೀಳ್ಲಿ?”

ಅವನು ಮನಸಾರೆ ಹೇಳಿದ್ದ. ಮೂರು ದಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. ದಿನಕ್ಕೆ ಮೂರು ಸಲದಂತೆ ಒಂಬತ್ತು ಸಲ ಬಿದ್ದ. ಒಂಬತ್ತು ಸಲವೂ ಬೆನ್ನು ಸರಿಯಾಗಿ ತಾಗಿತು.

ಭಾನುವಾರ ಬಂತು. ಸಭಾಂಗಣ ತುಂಬಿತ್ತು. ಏಳನೆಯ ನಿಮಿಷಕ್ಕೆ ಅಳಿಯ ಮಾವನನ್ನು ಎತ್ತಿ ಎಸೆದ. ಪೈಲ್ವಾನ ಗಾಳಿಯಲ್ಲೇ ಬೆಕ್ಕಿನಂತೆ ತಿರುಗಿ ಎದೆಯ ಮೇಲೆ ಬಿದ್ದ.

“ಮಾವ, ಬೆನ್ನು!” ಎಂದು ಅಳಿಯ ಪಿಸುಗುಟ್ಟಿದ.

“ಗೊತ್ತು ಕಣೋ. ಇನ್ನೊಂದ್ಸಲ ಎತ್ತು.”

ಒಂಬತ್ತನೆಯ ನಿಮಿಷಕ್ಕೆ ಮತ್ತೆ ಎತ್ತಿದ. ಈ ಸಲ ಮಂಡಿಯ ಮೇಲೆ ಇಳಿದ. ಹನ್ನೆರಡಕ್ಕೆ ಮಗ್ಗುಲಾಗಿ ಬಿದ್ದ.

“ಮಾವ, ದಮ್ಮಯ್ಯ ಅಂತೀನಿ.”

“ಬೀಳ್ತಾನೇ ಇದೀನಿ. ಮೈ ಕೇಳ್ತಿಲ್ಲ!”

ವೀಕ್ಷಕ ವಿವರಣೆ ಕೊಡುವವನು ಪ್ರತಿ ಸಲವೂ “ಇಗೋ ಮುಗಿಯಿತು!” ಎಂದು ಕೂಗಿದ. ಐದನೆಯ ಸಲದ ನಂತರ ಸಭಾಂಗಣದ ದೀಪದ ವ್ಯವಸ್ಥೆಯನ್ನು ಹೊಗಳತೊಡಗಿದ. ಮುಂದಿನ ಸಾಲಿನ ಒಬ್ಬ ಅಜ್ಜಿ ಎದ್ದು ನಿಂತು, “ಮಲಗಪ್ಪಾ ಮಹರಾಯ, ನಮಗೂ ಮನೆಮಠ ಇದೆ!” ಎಂದಳು. ಇಪ್ಪತ್ತಾರು ನಿಮಿಷಕ್ಕೆ ಗಂಟೆ ಹೊಡೆಯಿತು. ಕುಸ್ತಿ ಸಮ ಎಂದು ಸಾರಿದರು. ಇಬ್ಬರು ನೆಂಟರು ಅರ್ಧ ಗಂಟೆ ತಬ್ಬಿಕೊಂಡು ನಿಂತಿದ್ದರು, ಮತ್ತೇನೂ ನಡೆಯಲಿಲ್ಲ ಎಂದು ಜನ ಮಾತಾಡಿಕೊಂಡು ಹೋದರು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು. ಸೋಮವಾರ ಬೆಳಿಗ್ಗೆ ಎಲ್ಲರೂ ಕೂತು ಹಿಂದಿನ ದಿನದ ಕಾರ್ಯಕ್ರಮವನ್ನು ನೋಡಬೇಕು. ಪ್ರತಿಯೊಬ್ಬನೂ ತನ್ನ ತಪ್ಪನ್ನು ಹೇಳಬೇಕು. ಇನ್ನೊಬ್ಬನ ತಪ್ಪನ್ನು ಹೇಳುವಂತಿಲ್ಲ.

ಮೊದಲು ಪೈಲ್ವಾನ ಹೇಳಿದ. “ಇಪ್ಪತ್ತೆರಡು ವರ್ಷದ ಅಭ್ಯಾಸ. ಮನಸ್ಸು ಒಪ್ಪಿತ್ತು, ಮೈ ಒಪ್ಪಲಿಲ್ಲ.” ಎಲ್ಲರೂ ತಲೆಯಾಡಿಸಿದರು. ಒಪ್ಪುವಂಥ ಮಾತೇ ಅದು.

ಚಿತ್ರ ಓಡಿತು. ಏಳನೆಯ ನಿಮಿಷದಲ್ಲಿ ಪೈಲ್ವಾನ “ನಿಲ್ಲಿಸಿ” ಎಂದ. ಪರದೆಯ ತುಂಬ ಅವನದೇ ಮುಖವಿತ್ತು. ಎದೆಯ ಮೇಲೆ ಬಿದ್ದು ತಲೆಯೆತ್ತಿದ ಮುಖ ಬಾಯಿ ತುಂಬ ನಗುತ್ತಿತ್ತು. ಒಂಬತ್ತನೆಯ ನಿಮಿಷವನ್ನು ನೋಡಿದರು. ಅಲ್ಲೂ ನಗು. ಹನ್ನೆರಡರಲ್ಲೂ ನಗು. ಬೆನ್ನು ತಪ್ಪಿಸಿಕೊಂಡಾಗಲೆಲ್ಲ ಮುಖ ಅರಳಿತ್ತು.

“ಅಣ್ಣಾ, ನಿಮ್ಮ ಮದುವೆ ಫೋಟೋದಲ್ಲೂ ಇಷ್ಟು ನಕ್ಕಿರಲಿಕ್ಕಿಲ್ಲ ಬಿಡಿ” ಎಂದ ತಂಡದವನೊಬ್ಬ. ಎಲ್ಲರೂ ಜೋರಾಗಿ ನಕ್ಕರು. ಪೈಲ್ವಾನ ನಗಲಿಲ್ಲ.

“ನಾನು ಹೇಳಿದ್ದು ಸುಳ್ಳು” ಎಂದ. “ಮೈಯದೇನೂ ತಪ್ಪಿಲ್ಲ. ಯಾರೂ ಇಲ್ಲದಾಗ ಒಂಬತ್ತು ಸಲ ಬಿದ್ದ ಮೈ ಇದು. ನಿನ್ನೆ ಜನ ನೋಡ್ತಿದ್ರು. ನನಗೇ ಬೀಳೋಕೆ ಇಷ್ಟ ಇರ್ಲಿಲ್ಲ.”

ನಂತರ ಅಳಿಯನ ಸರದಿ. “ನನ್ನ ತಪ್ಪು ಹದಿನೆಂಟನೇ ನಿಮಿಷದಲ್ಲಿದೆ” ಎಂದ.

ಹದಿನೆಂಟನೆಯ ನಿಮಿಷವನ್ನು ಹಾಕಿದರು. ಪೈಲ್ವಾನ ಅಂಗಾತನಾಗಿದ್ದ. ಬೆನ್ನಿಗೂ ನೆಲಕ್ಕೂ ಎರಡು ಬೆರಳಿನ ಅಂತರ. ಅಳಿಯನ ಎರಡೂ ಕೈ ಅವನ ಭುಜಗಳ ಮೇಲಿದ್ದವು. ಒತ್ತಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಆ ಕೈಗಳು ಸಡಿಲವಾದವು. ಪೈಲ್ವಾನ ಹೊರಳಿ ಎದ್ದ.

ತಾನು ಕೊಸರಿಕೊಂಡು ಬಂದೆ ಎಂದೇ ಪೈಲ್ವಾನ ಅಲ್ಲಿಯವರೆಗೆ ತಿಳಿದಿದ್ದ.

“ಯಾಕೋ ಬಿಟ್ಟೆ?” ಎಂದು ಕೇಳಿದ.

“ನಿಮ್ಮ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು, ಮಾವ. ಗರಡಿ ಬಿಟ್ಟ ಮೇಲೆ ನೀವು ಹಾಗೆ ನಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ. ಕೆಲಸ ಹೋಗುತ್ತೆ ಅಂತ ಗೊತ್ತಿತ್ತು. ಒತ್ತೋಕೆ ಮನಸ್ಸು ಬರ್ಲಿಲ್ಲ.”

ಪೈಲ್ವಾನ ಎದ್ದು ಚಾನೆಲ್ಲಿನವರ ಬಳಿಗೆ ತಾನೇ ಹೋದ. ಇನ್ನೊಂದು ಭಾನುವಾರ ಕೊಡಿ ಎಂದು ಕೇಳಿದ. ಆ ಹೊತ್ತಿಗೆ ಹಾಕಲು ಅವರ ಬಳಿ ಬೇರೆ ಕಾರ್ಯಕ್ರಮ ಸಿದ್ಧವಿರಲಿಲ್ಲ. ಒಪ್ಪಿದರು.

ಆ ಭಾನುವಾರ ಸಭಾಂಗಣದಲ್ಲಿ ಅರ್ಧದಷ್ಟು ಜನರೂ ಇರಲಿಲ್ಲ. ಏಳನೆಯ ನಿಮಿಷಕ್ಕೆ ಅಳಿಯ ಎತ್ತಿ ಎಸೆದ. ಪೈಲ್ವಾನ ಅಂಗಾತ ಬಿದ್ದ. ಆ ಸದ್ದು ಹೊರಗಿನ ರಸ್ತೆಗೂ ಕೇಳಿಸಿತು. ತೀರ್ಪುಗಾರ ಮೂರು ಎಣಿಸಿದ. ಇದ್ದಷ್ಟು ಜನ ಎದ್ದು ನಿಂತು ಕೂಗಿದರು. ಅಳಿಯ ಗಾಬರಿಯಾಗಿ ಬಗ್ಗಿ, “ಮಾವ, ಪೆಟ್ಟಾಯ್ತಾ?” ಎಂದ.

“ಸುಮ್ನೆ ಕೈ ಎತ್ತೋ, ಗೆದ್ದವನು ನೀನು” ಎಂದ ಪೈಲ್ವಾನ ಮಲಗಿದ್ದಲ್ಲಿಂದಲೇ.

ಮರುವಾರ ಜನ ಹೆಚ್ಚಿದರು. ಕಾರ್ಯಕ್ರಮ ಇನ್ನೂ ಎರಡು ವರ್ಷ ನಡೆಯಿತು. ಪೈಲ್ವಾನ ಅದರಲ್ಲಿ ನಲವತ್ತು ಸಲ ಬಿದ್ದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಅವನಿಗೆ ಒಂದು ಸಂಶಯ ಬಂತು.

“ಗುರುಗಳೇ, ಇಪ್ಪತ್ತೆರಡು ವರ್ಷ ಸೋಲದವನಿಗೆ ಒಂದೇ ವಾರದಲ್ಲಿ ಸೋಲಲು ಯಾರು ಕಲಿಸಿದರು?”

“ಅವನಿಗಾಗಿ ಒಂದು ಸಲ ಸೋತವನು ಕಲಿಸಿದ, ನಿನಗಾಗಿ ಮೂರು ಸಲ ಸೋತವನು ನಿನಗೂ ಒಬ್ಬನಿದ್ದಾನೆ.”