ಕುಂಕುಮ ಹಚ್ಚಿಸಿಕೊಂಡ ಪ್ಲಗ್

ಆಯುಧಪೂಜೆ ಮುಗಿಸಿ ಸ್ಟಾರ್ಟ್ ಮಾಡಿದೊಡನೆ ವಕೀಲರ ಹಳೆಯ ಕಾರಿನ ಇಂಜಿನ್ ಗಡಗಡ ನಡುಗತೊಡಗಿತು. ಅದರ ನಾಲ್ಕು ಸ್ಪಾರ್ಕ್ ಪ್ಲಗ್‌ಗಳಲ್ಲಿ ಕೈಗೆಟುಕಿದ ಮೊದಲನೆಯದಕ್ಕೆ ಮಾತ್ರ ವಕೀಲರು ಒದ್ದೆ ಕುಂಕುಮ ಬಳಿದಿದ್ದರು.

ಅದು ಬೀಗುತ್ತ ಹೇಳಿತು: "ಪೂಜೆ ಆದದ್ದು ನನಗೊಬ್ಬನಿಗೆ. ಕಾರು ಓಡುವುದೇ ನನ್ನಿಂದ. ನಡುಕವೆಲ್ಲ ನಿಮ್ಮದು."

ಉಳಿದ ಮೂರೂ ತಮ್ಮ ಪಾಡಿಗೆ ಕಿಡಿ ಹಾರಿಸುತ್ತಲೇ ಇದ್ದವು. ಅವಕ್ಕೆ ಕೈತುಂಬ ಕೆಲಸವಿತ್ತು.

ಮೆಕ್ಯಾನಿಕ್ ದಸ್ತಗೀರ್ ಸಾಬರು ಬಂದು, ಇಂಜಿನ್ ಓಡುತ್ತಿರುವಾಗಲೇ ಕೊನೆಯದರಿಂದ ಶುರುಮಾಡಿ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಿ ಮತ್ತೆ ಸಿಕ್ಕಿಸಿದರು. ಮೂರು ಸಲವೂ ಇಂಜಿನ್ ಮುಗ್ಗರಿಸಿ ನಿಂತೇಹೋಗುವಂತಾಯಿತು.

"ಇನ್ನು ನನ್ನದು ಕಿತ್ತರೆ ಕಾರಿನ ಕಥೆ ಮುಗಿದಂತೆ!" ಎಂದಿತು ಕುಂಕುಮದ ಪ್ಲಗ್.

ಸಾಬರು ಕಿತ್ತರು. ಇಂಜಿನ್ ಮೊದಲು ಹೇಗೆ ನಡುಗುತ್ತಿತ್ತೋ ಹಾಗೆಯೇ ನಡುಗುತ್ತಿತ್ತು.

"ಸಿಕ್ಕಿಬಿದ್ದ ಕಳ್ಳ! ಕರೆಂಟೆಲ್ಲ ಕುಂಕುಮದ ಮೇಲೇ ಹರಿದುಹೋಗ್ತಿದೆ, ಒಳಗೆ ಕಿಡಿಯೇ ಇಲ್ಲ," ಎಂದು ಸಾಬರು ಅದನ್ನು ಒರೆಸಿ ವೈರು ಸಿಕ್ಕಿಸಿದರು. ಇಂಜಿನ್ ಹದವಾಗಿ ಓಡತೊಡಗಿತು.

ಮೊದಲನೆಯ ಪ್ಲಗ್ ಪಕ್ಕದ್ದನ್ನು ಮೆಲ್ಲಗೆ ಕೇಳಿತು: "ಇದರಲ್ಲಿ ನನ್ನ ಸದ್ದು ಯಾವುದು?"

"ಈಗ ಬೇರೆಯಾಗಿ ಕೇಳಿಸಲ್ಲ," ಎಂದಿತು ಅದು, "ನೀನೂ ಕೆಲಸ ಮಾಡ್ತಿದ್ದೀಯಲ್ಲ."