ಕರಿಮಡ್ಡಿ ಅಜ್ಜನವರ ಕೊನೆಯ ಸ್ನಾನ

ಪೂಜ್ಯ ಶ್ರೀ ಗುರುಶಾಂತ ಮಹಾಸ್ವಾಮಿಗಳವರನ್ನು ಕರಿಮಡ್ಡಿ ಸೀಮೆಯ ಜನ ಇಂದಿಗೂ 'ಅಜ್ಜನವರು' ಎಂದೇ ನೆನೆಯುತ್ತಾರೆ. ಎರೆಭೂಮಿಯ ಬಟ್ಟಬಯಲಿನಲ್ಲಿ ಒಂದು ಮಣ್ಣಿನ ಮಾಳಿಗೆ, ಅದರೊಳಗೆ ಉದ್ದನೆಯ ಪಡಸಾಲೆ, ಹಿಂದೆ ಗದ್ದುಗೆಯ ಕತ್ತಲೆ ಕೋಣೆ, ಅಂಗಳದಲ್ಲಿ ಬೇವಿನ ಮರ. ಅವರ ಮಠವೆಂದರೆ ಇಷ್ಟೇ. ಪೂಜ್ಯರು ತೋರಿದ ಪವಾಡಗಳನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಇಲ್ಲಿ ಹೇಳುವುದರಲ್ಲಿ ಪವಾಡವಿಲ್ಲ. ಅವರು ದೇಹ ಬಿಟ್ಟ ದಿನಗಳ ಸಂಗತಿಯಿದು. ಕಣ್ಣಾರೆ ಕಂಡವಳು ವೇಣುಬಾಯಿ ಎಂಬ ದಾದಿ. ಆಕೆ ಮುಪ್ಪಿನಲ್ಲಿ ಮಠದ ಹಿರಿಯರೆದುರು ಹೇಳಿಕೊಂಡದ್ದು ಕಿವಿಯಿಂದ ಕಿವಿಗೆ ನಮ್ಮವರೆಗೂ ಬಂದಿದೆ.

ಪ್ಲೇಗಿನ ಕಾಲವದು. ಮೊದಲು ಮನೆಮನೆಗಳಲ್ಲಿ ಇಲಿ ಸತ್ತು ಬಿದ್ದವು, ಆಮೇಲೆ ಮಂದಿ ಬಿದ್ದರು. ಗಟ್ಟಿ ಇದ್ದವರು ಊರು ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಂಡರು. ಜ್ವರ ಬಂದವರನ್ನು ಕರೆದೊಯ್ಯುವವರಿರಲಿಲ್ಲ. ಹೆತ್ತ ತಂದೆಯನ್ನು ಹೊಸ್ತಿಲೊಳಗೆ ಬಿಟ್ಟು ಚಿಲಕ ಹಾಕಿಕೊಂಡು ಹೋದ ಮಕ್ಕಳಿದ್ದರು. ಅಜ್ಜನವರು ಒಂದು ಮುಂಜಾನೆ ಊರೊಳಗೆ ಹೋಗಿ, ಅಂಥ ಚಿಲಕಗಳನ್ನು ತೆಗೆಸಿ, ಒಳಗಿದ್ದವರನ್ನು ಹೊರಸೆಂಬ ಹಗ್ಗದ ಮಂಚಗಳ ಮೇಲೆ ಹೊರಿಸಿಕೊಂಡು ಬಂದು ಮಠದ ಪಡಸಾಲೆಯಲ್ಲಿ ಸಾಲಾಗಿ ಮಲಗಿಸಿದರು. ಯಾರ ಕುಲವನ್ನೂ ಕೇಳಲಿಲ್ಲ. ದೊಡ್ಡ ಮನೆತನದ ಭಕ್ತರು ಅಂದಿನಿಂದ ಮಠದ ಕಡೆ ತಲೆ ಹಾಕಲಿಲ್ಲ. ಶಿಷ್ಯರಲ್ಲಿ ಅಡಿವಯ್ಯನವರೊಬ್ಬರೇ ಉಳಿದರು.

ಕೆಲವು ದಿನಗಳ ಮೇಲೆ ಸರಕಾರದವರು ಒಬ್ಬ ಡಾಕ್ಟರರನ್ನೂ ಒಬ್ಬ ದಾದಿಯನ್ನೂ ಕಳಿಸಿದರು. ಡಾಕ್ಟರರು ಬಂದ ವಾರದಲ್ಲೇ ಜ್ವರ ಹತ್ತಿ ತೀರಿಕೊಂಡರು. ದಾದಿ ಉಳಿದಳು.

ವೇಣುಬಾಯಿ ಧಾರವಾಡದ ಕಡೆಯ ವೈದಿಕ ಮನೆತನದ ಹೆಣ್ಣುಮಗಳು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತವಳು. ಹೇಗೋ ಮಿಶನರಿಗಳ ಆಸ್ಪತ್ರೆ ಸೇರಿ ದಾದಿಯ ವಿದ್ಯೆ ಕಲಿತಳು. ಆ ಕಾಲದಲ್ಲಿ ದಾದಿಯ ಕೆಲಸವೆಂದರೆ ಮರ್ಯಾದಸ್ಥರ ಬಾಯಲ್ಲಿ ಬರುವ ಮಾತಾಗಿರಲಿಲ್ಲ. ಪರಪುರುಷರ ಮೈ ಮುಟ್ಟುವವಳು, ರಕ್ತ ಕೀವು ಬಳಿಯುವವಳು, ಜಾತಿಗೆಟ್ಟವಳು ಎಂದು ಆಡಿಕೊಂಡರು. ದಿಕ್ಕಿಲ್ಲದ ವಿಧವೆಯರು, ಗಂಡ ಬಿಟ್ಟವರು, ಕ್ಷಾಮದಲ್ಲಿ ಅನಾಥರಾದ ಹುಡುಗಿಯರು ಇವರೇ ಆ ಕೆಲಸಕ್ಕೆ ಬಂದವರು. ಮುಂದೆ ನಾಡಿನಲ್ಲೆಲ್ಲ ಗೌರವ ಪಡೆದ ಆ ವೃತ್ತಿ ಇಂಥ ಮನೆಯಿಲ್ಲದ ಹೆಂಗಸರ ಹೆಗಲ ಮೇಲೆ ನಡೆದು ಬಂದದ್ದು. ವೇಣುಬಾಯಿಯ ಅಣ್ಣನಂತೂ, ತಂಗಿ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಕೈ ತೊಳೆದುಕೊಂಡಿದ್ದ.

ಆಕೆಗೆ ಮಠಮಾನ್ಯಗಳಲ್ಲಿ ನಂಬಿಕೆಯಿರಲಿಲ್ಲ. ಕಾಯಿಸಿದ ನೀರು, ಒಗೆದ ಬಟ್ಟೆ, ತೆರೆದ ಕಿಟಕಿ ಇವುಗಳಲ್ಲಿ ನಂಬಿಕೆಯಿತ್ತು. ಪಡಸಾಲೆಯ ಗೋಡೆಗೆ ಹೊಸದಾಗಿ ಕಿಟಕಿ ಕೊರೆಸಿದಳು. ಬೇನೆಯವರ ಬಳಿಗೆ ನೆಂಟರು ಬರಕೂಡದೆಂದು ಬಾಗಿಲಿಗೆ ಅಡ್ಡಗೋಲು ಹಾಕಿಸಿದಳು. ಅಜ್ಜನವರು ಒಂದಕ್ಕೂ ಬೇಡವೆನ್ನಲಿಲ್ಲ. ಆದರೂ ಮಂದಿ ಸಾಯುವುದು ನಿಲ್ಲಲಿಲ್ಲ. ಔಷಧ ಮುಗಿಯಿತು. ಬೆಳಗ್ಗೆ ಮಾತಾಡಿದವರನ್ನು ಬೈಗಿನಲ್ಲಿ ಹೊತ್ತು ಹಾಕುವುದಾಯಿತು.

ಹೀಗಿರುವಾಗ ಕಾಳವ್ವ ಎಂಬ ಕೂಲಿಯ ಹೆಂಗಸು ತನ್ನ ಮಗಳು ನೀಲವ್ವನನ್ನು ಮೇವಿನ ಬಣವೆಯ ಹಿಂದೆ ಬಚ್ಚಿಟ್ಟಿದ್ದಾಳೆಂದು ತಿಳಿಯಿತು. ವೇಣುಬಾಯಿ ತಾನೇ ಹೋದಳು. ಹುಡುಗಿಗೆ ಮೈ ಕಾದು ಕೆಂಡವಾಗಿತ್ತು.

"ಮಠದಾಗ ಹೋದವ್ರು ಯಾರೂ ತಿರುಗಿ ಬಂದಿಲ್ರಿ ಬಾಯಾರ. ನನಗ ಇದೊಂದ ಕೂಸು," ಎಂದು ಕಾಳವ್ವ ಮಗಳನ್ನು ಅವಚಿಕೊಂಡಳು.

ಇಂಥ ಮನೆಗಳಲ್ಲಿ ಎಂದೂ ಮಾತು ಕೊಡಬೇಡ ಎಂದು ಆಸ್ಪತ್ರೆಯ ಹಿರಿಯ ದಾದಿ ಕಲಿಸಿದ್ದಳು. ಅಷ್ಟು ಹೆಣಗಳನ್ನು ಕಂಡ ವೇಣುಬಾಯಿಗೆ ಈ ಒಂದು ಜೀವವನ್ನಾದರೂ ಉಳಿಸಲೇಬೇಕೆಂಬ ಹಟ ಹಿಡಿದಿತ್ತು.

"ಕೊಡವ್ವಾ ನನ್ನ ಕೈಯಾಗ. ನಾ ಉಳಿಸಿ ಕೊಡ್ತೀನಿ," ಎಂದುಬಿಟ್ಟಳು.

ಕಾಳವ್ವ ಕೊಟ್ಟಳು. ಅಡ್ಡಗೋಲಿನ ಆಚೆ ಬೇವಿನ ಬುಡದಲ್ಲಿ ಕೂತು ಕಾಯ್ದಳು. ಅಜ್ಜನವರು ಹುಡುಗಿಯ ಹಣೆಗೆ ವಿಭೂತಿ ಹಚ್ಚಿದರು. ವೇಣುಬಾಯಿ ಹಣೆಯ ತಣ್ಣೀರು ಬಟ್ಟೆ ಬದಲಿಸುತ್ತ ಕಣ್ಣು ಮುಚ್ಚದೆ ಕೂತಳು. ಹುಡುಗಿ ಉಳಿಯಲಿಲ್ಲ.

ಸುದ್ದಿ ಹೇಳಲು ವೇಣುಬಾಯಿ ಹೊರಗೆ ಬಂದಾಗ ಕಾಳವ್ವ ಅಳಲಿಲ್ಲ. ಎದ್ದು ಹತ್ತಿರ ಬಂದು, "ಸಾಯೂದಿದ್ರ ನನ್ನ ತೊಡಿ ಮ್ಯಾಲೆ ಸಾಯ್ತಿದ್ಲು. ಅದನ್ನೂ ಕಸ್ಕೊಂಡಿ ನೀ," ಎಂದು ನೆಲಕ್ಕೆ ಉಗುಳಿ ಹೋದಳು.

ಅಂದೇ ಮಧ್ಯಾಹ್ನ ಸುಣ್ಣ ತಂದಿದ್ದ ಸರಕಾರದ ಗಾಡಿ ಪಟ್ಟಣಕ್ಕೆ ಮರಳುವುದಿತ್ತು. ವೇಣುಬಾಯಿ ತನ್ನ ತಗಡಿನ ಪೆಟ್ಟಿಗೆಯನ್ನು ಅದರೊಳಗೆ ಇರಿಸಿ ಪಡಸಾಲೆಗೆ ಬಂದಳು. ಅಜ್ಜನವರು ಚಪ್ಪಲಿ ಹೊಲಿಯುವ ದುರ್ಗಪ್ಪನೆಂಬ ಮುದುಕನ ಹೊರಸಿನ ಬಳಿ ಮೊಣಕಾಲೂರಿ, ಅವನು ಕಾರಿಕೊಂಡದ್ದನ್ನು ಬೂದಿ ಹಾಕಿ ಬಳಿಯುತ್ತಿದ್ದರು.

"ಅಜ್ಜಾರ, ನಾ ಹೊಂಟೀನಿ," ಎಂದಳು.

ಪೂಜ್ಯರು ತಲೆಯೆತ್ತಿದರು. ಮತ್ತೆ ಬಗ್ಗಿ ಬೂದಿ ಬಳಿದರು. ಅದೇ ಆಕೆಯನ್ನು ಕೆಣಕಿತು.

"ಬಂದಾಗಿಂದ ನನ್ನ ಕೈಯಾಗ ಒಬ್ಬರೂ ಉಳಿದಿಲ್ಲ. ತಣ್ಣೀರ ಬಟ್ಟಿ ಹಾಕ್ಲಿಕ್ಕೆ, ಬಾಯಿಗೆ ನೀರು ಬಿಡ್ಲಿಕ್ಕೆ ಕಲತು ಬಂದಾಕಿ ಯಾಕ ಬೇಕು? ಹೋಗ್ಲಿ, ನಾ ಅಂತೂ ಹುಲುಮನುಷ್ಯಾಳು. ನೀವು ಮುಟ್ಟಿದ್ರ ಬ್ಯಾನಿ ಹೋಗ್ತದಂತ ಈ ಸೀಮಿ ತುಂಬ ಹೇಳ್ತಾರ. ಆ ಹುಡಿಗಿನ್ನ ನೀವು ಮುಟ್ಟಿದ್ರಲ್ಲ? ಏನಾತು?"

"ಏನೂ ಆಗಲಿಲ್ಲ ತಾಯಿ," ಎಂದರು ಅಜ್ಜನವರು.

ಆಮೇಲೆ ಏಳಲು ನೋಡಿದರು. ಏಳಲಾಗಲಿಲ್ಲ. ಗೋಡೆಗೆ ಕೈಯೂರಿದವರು ಅಲ್ಲೇ ಕುಸಿದರು. ವೇಣುಬಾಯಿ ಓಡಿ ಹಿಡಿದಳು. ಮೈ ಸುಡುತ್ತಿತ್ತು. ಕಾವಿಯನ್ನು ಸರಿಸಿ ನೋಡಿದರೆ ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಒಂದೆರಡು ದಿನದ್ದಲ್ಲ. ಆ ನೋವನ್ನು ಇಟ್ಟುಕೊಂಡೇ ಅವರು ಹೊರಸು ಹೊತ್ತಿದ್ದರು, ನೀರು ಸೇದಿದ್ದರು.

ಅಡಿವಯ್ಯನವರು ಅಳುತ್ತ ಬಂದು, ಗುರುಗಳನ್ನು ಗದ್ದುಗೆಯ ಕೋಣೆಗೆ ಒಯ್ಯೋಣವೆಂದರು. ಅಜ್ಜನವರು ಕೈಯಾಡಿಸಿ, ದುರ್ಗಪ್ಪನ ಪಕ್ಕದಲ್ಲಿ ಬರಿದಾಗಿದ್ದ ಹೊರಸನ್ನು ತೋರಿಸಿದರು. ಅದು ನೀಲವ್ವ ಮಲಗಿದ್ದ ಹೊರಸು. ಅದರ ಮೇಲೆಯೇ ಅವರನ್ನು ಮಲಗಿಸಿದರು. ಮಲಗಿಸುವಾಗಲೇ ಪೂಜ್ಯರಿಗೆ ವಾಂತಿಯಾಗಿ ಎದೆ, ತೊಡೆ, ಹಾಸಿಗೆಯೆಲ್ಲ ತೊಯ್ದುಹೋಯಿತು.

ಹೊರಗೆ ಗಾಡಿಯವನು ಕೂಗುತ್ತಿದ್ದ. ಅಜ್ಜನವರು ವೇಣುಬಾಯಿಯ ಕಡೆ ತಿರುಗಿದರು.

"ಗಾಡಿ ಕಾಯಾಕತ್ತೈತಿ ತಾಯಿ. ಹೋಗೂದಿದ್ರ ಹೋಗು. ಇರೂದಿದ್ರ ನನ್ನ ಮೈ ತೊಳಿ."

ಅಡಿವಯ್ಯನವರು ಬೆಚ್ಚಿಬಿದ್ದರು. ವಿರಕ್ತರ ಮೈಯನ್ನು ಹೆಣ್ಣು ಮುಟ್ಟುವುದುಂಟೆ? ವೇಣುಬಾಯಿ ನಿಂತಲ್ಲೇ ನಿಂತಿದ್ದಳು. ಆಕೆಯೊಳಗಿನ ಕಹಿ ಇನ್ನೂ ಇಳಿದಿರಲಿಲ್ಲ.

"ತೊಳದ್ರ ಉಳೀತೀರೇನ್ರಿ?"

"ಇಲ್ಲ."

"ಮತ್ತ್ಯಾಕ ತೊಳೀಬೇಕು?"

"ಹೊಲಸಾಗೈತಿ ತಾಯಿ," ಎಂದರು ಪೂಜ್ಯರು.

ಇಷ್ಟೇ ಅವರಾಡಿದ ಮಾತು. ಶಾಸ್ತ್ರದ ವಾಕ್ಯವಲ್ಲ, ವಚನವಲ್ಲ. ಮೈ ಹೊಲಸಾಗಿದೆ, ತೊಳೆಯಬೇಕು. ವೇಣುಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಅಡಿವಯ್ಯನವರಿಗೆ, "ನೀರು ಕಾಸ್ರಿ. ಬೇವಿನ ತೊಪ್ಪಲ ಹಾಕ್ರಿ," ಎಂದಳು. ಗಾಡಿ ಆಕೆಯ ಪೆಟ್ಟಿಗೆಯನ್ನು ಹೊತ್ತುಕೊಂಡೇ ಹೊರಟುಹೋಯಿತು. ಅದು ಯಾರಿಗೂ ನೆನಪಾಗಲಿಲ್ಲ.

ಆಕೆ ತೊಳೆಯಲು ಕೂತಳು. ಮೈಯೆಲ್ಲ ಹೊದಿಸಿ, ತೊಳೆಯುವಷ್ಟನ್ನೇ ತೆರೆದು, ಒರೆಸಿ, ಮತ್ತೆ ಮುಚ್ಚಿ, ಮುಂದಿನದನ್ನು ತೆರೆಯುವುದು ಆಕೆ ಕಲಿತ ಕ್ರಮ. ಮೊದಲು ಮುಖ, ಕಿವಿಯ ಹಿಂದೆ, ಕೊರಳು. ಎದೆಗೆ ಬಂದಾಗ ಅಲ್ಲಿದ್ದ ಇಷ್ಟಲಿಂಗವನ್ನು ಕಂಡು ಕೈ ತಡೆಯಿತು. ಪೂಜ್ಯರು ತಾವೇ ಅದನ್ನು ಎತ್ತಿ, ಪೂಜೆಗೆ ಕೂತವರಂತೆ ಎಡ ಅಂಗೈಯಲ್ಲಿ ಇರಿಸಿಕೊಂಡು ಕಣ್ಣು ಮುಚ್ಚಿದರು. ಸ್ನಾನ ಮುಗಿಯುವವರೆಗೂ ಆ ಅಂಗೈ ಹಾಗೆಯೇ ಇತ್ತು.

ಮಗ್ಗುಲಾಗಿ ಹೊರಳಿಸಿದಾಗ ಅವರ ಬೆನ್ನು ಕಂಡಿತು. ರಾತ್ರಿಯೆಲ್ಲ ಬೇನೆಯವರ ಕಾವಲಿಗೆ ಗೋಡೆಗೆ ಒರಗಿ ಕೂತು ಕೂತು ಚರ್ಮ ಕಿತ್ತು ಕೆಂಪಗಾಗಿತ್ತು. ವೇಣುಬಾಯಿ ಪಕ್ಕದ ಹೊರಸಿನ ಕಡೆ ತಿರುಗಿದಳು. ದುರ್ಗಪ್ಪನ ಬೆನ್ನನ್ನು ತಾನು ನೋಡಿ ಎಷ್ಟು ದಿನವಾಯಿತು? ಆ ಸಾಲಿನಲ್ಲಿ ಮಲಗಿದ ಯಾರ ಬೆನ್ನನ್ನಾದರೂ ನೋಡಿದ್ದುಂಟೆ? ಉಳಿಯುತ್ತಾರೋ ಸಾಯುತ್ತಾರೋ ಎಂಬುದೊಂದನ್ನೇ ನೋಡುತ್ತ, ಬದುಕಿ ಮಲಗಿದ್ದವರ ಹಿಂಸೆ ಕಣ್ಣಿಗೆ ಬೀಳದೇ ಹೋಗಿತ್ತು. ನೀಲವ್ವನ ಬೆನ್ನನ್ನೂ ಆಕೆ ನೋಡಿರಲಿಲ್ಲ. ತೊಳೆಯುತ್ತಿದ್ದಂತೆ ಕಣ್ಣೀರು ಬಂದು ನೀರಿನ ಪಾತ್ರೆಗೆ ಬಿತ್ತು.

ಸುದ್ದಿ ಅಷ್ಟರಲ್ಲಿ ಜೋಪಡಿಗಳಿಗೆ ಮುಟ್ಟಿ, ಭಕ್ತರು ಮಠದ ಬೇಲಿಯಾಚೆ ನೆರೆದಿದ್ದರು. ಅಜ್ಜನವರ ಮೈ ತೊಳೆದ ನೀರೆಂದರೆ ಪಾದೋದಕ, ಒಂದು ಹನಿ ಬಾಯಿಗೆ ಬಿದ್ದರೆ ಬೇನೆ ಮುಟ್ಟುವುದಿಲ್ಲವೆಂದು ಕೈಮುಗಿದು ಬೇಡಿದರು. ಅಡಿವಯ್ಯನವರು ಪಾತ್ರೆಗೆ ಕೈ ಹಾಕಿಯೇಬಿಟ್ಟರು. ಪೂಜ್ಯರು ಕಣ್ಣು ತೆರೆದರು.

"ಅಡಿವಯ್ಯಾ, ಅದು ಪಾದೋದಕ ಅಲ್ಲ, ಬ್ಯಾನಿ ನೀರು. ಆಕಿ ಹೇಳಿದಲ್ಲಿ ಚೆಲ್ಲು."

ವೇಣುಬಾಯಿ ಹೇಳಿದಲ್ಲಿ ತಗ್ಗು ತೋಡಿ, ನೀರು ಸುರಿದು, ಸುಣ್ಣ ಹಾಕಿ ಮುಚ್ಚಿದರು. ಭಕ್ತರು ಗೋಳೋ ಎಂದು ಅತ್ತರು. ಗುರುವಿನ ಕೊನೆಯ ಪ್ರಸಾದವೂ ತಮಗೆ ದಕ್ಕಲಿಲ್ಲವೆಂದು ನೆಲಕ್ಕೆ ಹಣೆ ಬಡಿದುಕೊಂಡರು. ಆದರೆ ಆ ನೀರು ಕುಡಿದು ಸಾಯಬಹುದಾಗಿದ್ದವರನ್ನು ಪೂಜ್ಯರು ಹೀಗೆ ಕಾಯ್ದರೆಂದು ಇಂದು ನಮಗೆ ತಿಳಿಯುತ್ತದೆ.

ಮರುದಿನ ಹೊತ್ತೇರುತ್ತಿದ್ದಾಗ ಅಜ್ಜನವರ ಉಸಿರು ತೊಡಕತೊಡಗಿತು. ವೇಣುಬಾಯಿ ಬಳಿಯೇ ಇದ್ದಳು. ಪೂಜ್ಯರು ತುಟಿಯಾಡಿಸಿದರು. ಆಕೆ ಬಗ್ಗಿ ಕಿವಿಗೊಟ್ಟಳು.

"ದುರ್ಗಪ್ಪ ನೀರು ಬೇಡಾಕತ್ತಾನ."

ಆಕೆ ಎದ್ದು ಹೋಗಿ, ದುರ್ಗಪ್ಪನ ತಲೆಯನ್ನು ಮೊಣಕೈ ಮೇಲೆ ಎತ್ತಿ, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಅವನು ಸಾಕೆನ್ನುವವರೆಗೂ ಕುಡಿಸಿದಳು. ತಿರುಗಿ ನೋಡಿದಾಗ ಪೂಜ್ಯರು ಲಿಂಗೈಕ್ಯರಾಗಿದ್ದರು.

"ಅಜ್ಜಾರ ಪ್ರಾಣ ಹೋಗೂವಾಗ ಎಲ್ಲಿದ್ರಿ ನೀವು?" ಎಂದು ಅಡಿವಯ್ಯನವರು ಎದೆ ಬಡಿದುಕೊಂಡು ಕೇಳಿದರು.

"ದುರ್ಗಪ್ಪಗ ನೀರು ಕುಡಸ್ಲಿಕ್ಕೆ ಹತ್ತಿದ್ದೆ," ಎಂದಳು ವೇಣುಬಾಯಿ.

ಸೀಮೆಗೆ ಸೀಮೆಯೇ ನೆರೆದು ಮೆರವಣಿಗೆ ಮಾಡಬೇಕಾಗಿದ್ದ ಗುರುಗಳನ್ನು ನಾಲ್ಕು ಮಂದಿ ಹೊತ್ತರು. ಭಜನೆಯಿಲ್ಲ, ಬಾಜಾಬಜಂತ್ರಿಯಿಲ್ಲ. ಬೇಲಿಯಾಚೆ ನಿಂತವರು ದೂರದಿಂದಲೇ ಬಿಲ್ವಪತ್ರೆ ತೂರಿದರು, ಅದು ಗಾಳಿಗೆ ಮತ್ತೆಲ್ಲೋ ಹಾರಿಹೋಯಿತು. ಕ್ರಿಯಾಸಮಾಧಿಗೂ ವಿಭೂತಿಯ ಬದಲು ಸುಣ್ಣವನ್ನೇ ಸುರಿಯಬೇಕಾಯಿತು. ದುರ್ಗಪ್ಪನೂ ಅಂದೇ ಹೋದನು. ಪಡಸಾಲೆಯಲ್ಲಿ ಹೊರಸುಗಳು ಬರಿದಾಗುತ್ತಿದ್ದವು, ತುಂಬುತ್ತಿದ್ದವು.

ಕೆಲವು ದಿನಗಳಲ್ಲಿ ಕಾಳವ್ವನನ್ನೇ ಹೊತ್ತು ತಂದರು.

ಆಕೆ ವೇಣುಬಾಯಿಯನ್ನು ಕಂಡು, "ಮುಟ್ಟಬ್ಯಾಡ ನನ್ನ," ಎಂದು ಮುಖವನ್ನು ಗೋಡೆಗೆ ತಿರುಗಿಸಿದಳು. ವೇಣುಬಾಯಿ ಮುಟ್ಟಲಿಲ್ಲ. ಅಡಿವಯ್ಯನವರಿಗೆ ಹೇಳಿಕೊಟ್ಟು ಅವರಿಂದ ನೀರು ಕೊಡಿಸಿದಳು. ತಾನು ಹೊರಸಿನ ಕಾಲಬಳಿ ನೆಲದ ಮೇಲೆ ಕೂತಳು. ಬೇರೆಯವರ ಕೆಲಸಕ್ಕೆ ಏಳುವಳು, ಮುಗಿಸಿ ಬಂದು ಮತ್ತೆ ಅಲ್ಲೇ ಕೂರುವಳು. ಬೈದರೂ ಹೋಗಲಿಲ್ಲ.

ಸಂಜೆಯ ಹೊತ್ತಿಗೆ ಕಾಳವ್ವನ ದನಿ ಇಳಿದಿತ್ತು. "ನಾ ಉಳೀತೀನೇನು?" ಎಂದಳು.

"ಗೊತ್ತಿಲ್ಲವ್ವಾ. ಉಳಸ್ತೀನಂತ ಇನ್ನ ಯಾರಿಗೂ ಹೇಳಾಂಗಿಲ್ಲ ನಾ."

ಕಾಳವ್ವ ಗೋಡೆಯ ಕಡೆಗೇ ಮುಖವಿಟ್ಟು ಕೇಳಿದಳು: "ನಮ್ಮ ನೀಲಿ ಹೋಗೂವಾಗ ನೀರು ಕೇಳಿದ್ಲೇನು?"

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ವೇಣುಬಾಯಿ ಹೇಳಲಿಲ್ಲ.

"ನೀರು ಕೇಳ್ಲಿಲ್ಲ. ನಿನ್ನ ಕೇಳಿದ್ಲು. 'ಅವ್ವನ್ನ ಕರೀರಿ' ಅಂದ್ಲು. ನಾ ಕರೀಲಿಲ್ಲ. ಕಟ್ಟಳಿ ಅದ ಅಂತ ಕರೀಲಿಲ್ಲ."

ಮಗಳು ಸತ್ತಂದು ಕಾಳವ್ವನಿಗೆ ಬಾರದ ಅಳು ಈಗ ಬಂತು. ಅತ್ತು ಸೋತ ಮೇಲೆ ಆಕೆ ಮೆಲ್ಲನೆ ಈಚೆ ಹೊರಳಿ, ಮೊದಲ ಸಲ ವೇಣುಬಾಯಿಯ ಮುಖ ನೋಡಿದಳು.

"ಇನ್ನೇನಂದ್ಲು? ಎಲ್ಲಾ ಹೇಳು."

ವೇಣುಬಾಯಿ ಹತ್ತಿರ ಸರಿದು ಕೂತು ಹೇಳತೊಡಗಿದಳು. ನೀಲವ್ವ ಜ್ವರದಲ್ಲಿ ಹೆಸರು ಹಿಡಿದು ಕರೆದ ಕರುವಿನ ಸುದ್ದಿ, ತಲೆ ಬಾಚಿಕೊಡೆಂದದ್ದು, ತಾನು ಬಾಚಿದ್ದು, ಸಿಕ್ಕು ಬಿಡಿಸುವಾಗ ನೋವಾಗಿ ಬೈದದ್ದು, ಒಮ್ಮೆ ನಕ್ಕದ್ದು. ಕಾಳವ್ವ ಒಂದೊಂದನ್ನೂ ಎರಡೆರಡು ಸಲ ಕೇಳಿ ಹೇಳಿಸಿಕೊಂಡಳು. ಹೇಳುತ್ತ ಹೇಳುತ್ತ ವೇಣುಬಾಯಿ ಬಟ್ಟೆ ನೆನೆಸಿ ಆಕೆಯ ಹಣೆ ಒರೆಸಿದಾಗ ಬೇಡವೆನ್ನಲಿಲ್ಲ.

ಕಾಳವ್ವನೂ ಉಳಿಯಲಿಲ್ಲ. ಆ ವರುಷ ಕರಿಮಡ್ಡಿಯ ಮಠದಲ್ಲಿ ಉಳಿದವರನ್ನು ಬೆರಳು ಮಡಿಚಿ ಎಣಿಸಬಹುದಿತ್ತು. ಆದರೆ ಕಾಳವ್ವ ಮಣ್ಣಾದ ಮಾರನೆಯ ಮುಂಜಾನೆ ವೇಣುಬಾಯಿ ಪಡಸಾಲೆಯ ಬಾಗಿಲ ಅಡ್ಡಗೋಲನ್ನು ತಾನೇ ಕಿತ್ತು ತೆಗೆದಳು. ಹೊಸ್ತಿಲ ಬಳಿ ಕಾಯಿಸಿದ ನೀರು, ಸೀಗೆಪುಡಿ, ಒಗೆದ ಸೀರೆಗಳನ್ನು ಇಟ್ಟಳು. ಬೇವಿನ ಬುಡದಲ್ಲಿ ಒಬ್ಬ ತಾಯಿ ಮಗನಿಗಾಗಿ ಕಾಯುತ್ತ ಕೂತಿದ್ದಳು. ವೇಣುಬಾಯಿ ಅವಳ ಬಳಿ ಹೋಗಿ ಕೈ ಹಿಡಿದೆಬ್ಬಿಸಿದಳು.

"ಕೈಕಾಲು ತೊಳ್ಕೋ ತಾಯಿ. ಒಳಗ ಬಾ," ಎಂದಳು.